ಉದ್ಯಾನದ ಅಣಬೆ: ಅಚ್ಚು ತೆಗೆದು ನೋಡಿ, ತಿನ್ನಬೇಡಿ

ಬಳ್ಳಾರಿಯಲ್ಲಿ ಸೆಪ್ಟೆಂಬರ್ ಮಳೆ ಬಿದ್ದ ಮೇಲೆ ಉದ್ಯಾನಗಳ ಹುಲ್ಲಿನಲ್ಲಿ ಬಿಳಿ ಅಣಬೆಗಳು ಏಳುತ್ತವೆ. ವಾಯುವಿಹಾರಕ್ಕೆ ಬರುವ ಕೆಲವರು ಪಲ್ಯಕ್ಕೆಂದು ಕಿತ್ತುಕೊಂಡು ಹೋಗುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಅಣ್ಣಂದಿರೇ, ಅಕ್ಕಂದಿರೇ, ದಯವಿಟ್ಟು ಬೇಡ.

ಹುಲ್ಲುಹಾಸಿನಲ್ಲಿ ಬೆಳೆಯುವ ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ದೊಡ್ಡ ಬಿಳಿ ಅಣಬೆ ನೋಡಲು ತಿನ್ನುವ ಅಣಬೆಯಂತೆಯೇ ಇರುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಇದನ್ನು ಗುರುತಿಸಲು ದಾರಿಯಿದೆ. ಪೂರ್ತಿ ಅರಳಿದ ಕೊಡೆಯ ಕಾಂಡ ಕತ್ತರಿಸಿ, ಕೊಡೆಯ ಅಡಿಯ ತೆಳು ಪದರಗಳು ಕೆಳಗೆ ಬರುವಂತೆ ಬಿಳಿ ಕಾಗದದ ಮೇಲಿಟ್ಟು, ಮೇಲೆ ಬಟ್ಟಲು ಬೋರಲು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಬೀಜಾಣುಗಳ ಮಾಸಲು ಹಸಿರು ಅಚ್ಚು ಮೂಡಿದ್ದರೆ ಬಹುಮಟ್ಟಿಗೆ ಅದೇ. ಮಕ್ಕಳಿಗೆ ತೋರಿಸಲು ಬಲು ಚೆಂದ! ಮುಟ್ಟಿದರೆ ವಿಷವೇರುವುದಿಲ್ಲ, ಆಮೇಲೆ ಕೈ ತೊಳೆಸಿ.

ಅಚ್ಚು ಬಿಳಿಯಾದರೆ ತಿನ್ನಬಹುದು ಎಂದುಕೊಳ್ಳಬೇಡಿ. ಮಾರಕ ಅಮಾನಿಟಾ ಅಣಬೆಗಳ ಅಚ್ಚೂ ಬಿಳಿಯೇ. ಅವುಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಆರು ಗಂಟೆ, ಕೆಲವೊಮ್ಮೆ ಇಡೀ ದಿನ ಸುಮ್ಮನಿದ್ದು ಆಮೇಲೆ ಯಕೃತ್ತನ್ನು ಹಾಳು ಮಾಡುತ್ತದೆ. ಬೇಯಿಸುವಾಗ ಹಾಕಿದ ಬೆಳ್ಳಿ ನಾಣ್ಯ ಕಪ್ಪಾದರೆ ಮಾತ್ರ ವಿಷ ಎನ್ನುವುದು, ಹುಳು ತಿಂದದ್ದು ಸುರಕ್ಷಿತ ಎನ್ನುವುದು, ಎರಡೂ ಸುಳ್ಳು.

ಯಾರಾದರೂ ತಿಂದುಬಿಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಿ. ಉಳಿದ ಅಣಬೆಯನ್ನು ಬುಡಸಮೇತ ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಗ ಕೊಳೆಯುತ್ತದೆ.