ಹಳೇ ಪಾದರಸದ ಬಿ.ಪಿ. ಡಬ್ಬಿ, ಗಾರೆಯವರ ಲೆವೆಲ್ ಪೈಪು

ಮರದ ಡಬ್ಬಿಯ ಹಳೇ ಬಿ.ಪಿ. ಮಾಪಕ ಶೋಕೇಸಿಗಷ್ಟೇ ಸರಿ, ಅಳತೆಗೆ ಬಾರದು ಅನ್ನುವವರೇ ಜಾಸ್ತಿ. ನನ್ನ ಹತ್ತಿರ ಇರೋ ಇಂಗ್ಲೆಂಡಿನ ಡಬ್ಬಿ ಎರಡನೇ ಮಹಾಯುದ್ಧಕ್ಕೂ ಹಿಂದಿನದು. ಈಗ 40ರಿಂದ 200ರವರೆಗೆ ಎಲ್ಲೂ 2 ಮಿ.ಮೀ.ಗಿಂತ ಹೆಚ್ಚು ತಪ್ಪುವುದಿಲ್ಲ. ಹೊಸ ಮಾಪಕಗಳಿಗೇ 3 ಮಿ.ಮೀ. ಮಾಫಿ ಉಂಟು.

ಪಾದರಸ ಶುದ್ಧಿ ಮಾಡೋದು ಎಲ್ಲರಿಗೂ ಗೊತ್ತು: ಅಗಲ ಟ್ರೇ, ತೆರೆದ ಕಿಟಕಿ, ಬೆರಳಲ್ಲಿ ಚಿನ್ನದ ಉಂಗುರ ಬೇಡ. ಫಿಲ್ಟರ್ ಕಾಗದದ ಶಂಕುವಿಗೆ ಸೂಜಿ ತೂತು ಮಾಡಿ ಮೂರ್ನಾಲ್ಕು ಸಲ ಇಳಿಸಿದರೆ ಬೂದು ಕೆನೆ ಮೇಲೇ ಉಳಿಯುತ್ತೆ. ಕೊನೇ ಹನಿಗಳ ಆಸೆ ಬಿಡಬೇಕು. ಗಾಜಿನ ಕೊಳವೆ ಪೂರ್ತಿ ಒಣಗದೆ ಪಾದರಸ ತುಂಬಿದರೆ ಮತ್ತೆ ಗಾಜಿಗೆ ಅಂಟಿ ಬಾಲ ಎಳೆಯೋಕೆ ಶುರು.

ಇಷ್ಟಾದರೂ ಕೊಳವೆಯೊಳಗಿನ ಪಾದರಸದ ಕಂಬ ತಡವರಿಸುತ್ತಾ ಇಳಿದರೆ ಪಾದರಸವನ್ನು ಬೈಯಬೇಡಿ. ಕೊಳವೆಯ ನೆತ್ತಿಯಲ್ಲಿ ಗಾಳಿಯನ್ನು ಮಾತ್ರ ಬಿಡುವ ಚರ್ಮದ ಬಿಲ್ಲೆಯೊಂದಿದೆ. ಅದು ಕಟ್ಟಿಕೊಂಡಿರುತ್ತೆ. ಕಾರು ಒರೆಸುವ ಅಸಲಿ ಶಾಮಿ ಚರ್ಮ ಆಗುತ್ತೆ, ಸಿಂಥೆಟಿಕ್ ಒಣಗಿದರೆ ಹಲಗೆ. ಕತ್ತರಿಸುವ ಮುಂಚೆ ಚರ್ಮವನ್ನು ಹೇಗೆ ಹದ ಮಾಡ್ತೀನಿ ಅನ್ನೋದು ನನ್ನಲ್ಲೇ ಇರಲಿ. 200ರಿಂದ ಗಾಳಿ ಒಮ್ಮೆಲೇ ಬಿಟ್ಟರೆ ಕಂಬ ಸೆಕೆಂಡಿನ ಆಸುಪಾಸಿನಲ್ಲಿ ಕೆಳಗಿರಬೇಕು.

ಹೆಚ್ಚಿನವರು ಸೋಲುವುದು ಕೊಳವೆ ಬದಲಿಸುವಾಗ. ಪಾದರಸ ಕೊಳವೆಯಲ್ಲಿ ಮೇಲೇರಿದಷ್ಟೂ ಅದು ತುಂಬಿರುವ ಬುಡದ ಬಟ್ಟಲಿನಲ್ಲಿ ಮಟ್ಟ ಇಳಿಯುತ್ತೆ. ಅದಕ್ಕೇ ತಗಡಿನ ಮೇಲೆ ಕೆತ್ತಿದ 300 ನಿಜವಾಗಿ 300 ಮಿ.ಮೀ. ಎತ್ತರದಲ್ಲಿ ಇರೋಲ್ಲ. ಬಟ್ಟಲಿನ ವ್ಯಾಸ 30 ಮಿ.ಮೀ., ಕೊಳವೆಯ ಒಳಗಾತ್ರ 4 ಮಿ.ಮೀ. ಇದ್ದರೆ ಅದು 295ರ ಹತ್ತಿರ. ಅಲ್ಲಿಗೆ 5 ಮಿ.ಮೀ. ಕೊಳವೆ ಹಾಕಿದಿರೋ, 200ರಲ್ಲಿ ಸುಮಾರು 2, 300ರಲ್ಲಿ 3 ಕಡಿಮೆ ತೋರಿಸುತ್ತೆ. ಸೊನ್ನೆ ಸರಿಯಾಗೇ ಇರೋದರಿಂದ ಯಾರಿಗೂ ಅನುಮಾನ ಬರೋಲ್ಲ. ಒಳಗಾತ್ರ ಹೊಂದುವ ಕೊಳವೆಯನ್ನೇ ಹುಡುಕಿ, ಇಲ್ಲವೇ ಅಳತೆಪಟ್ಟಿ ಹೊಸದಾಗಿ ಕೆತ್ತಿಸಿ.

ಇನ್ನು ಪರೀಕ್ಷೆ. ಇನ್ನೊಂದು ಬಿ.ಪಿ. ಮಾಪಕದ ಜೊತೆ ಹೋಲಿಸಿದರೆ ಅದೇ ಸರಿಯಿದೆ ಅಂತ ಹೇಳೋರು ಯಾರು? ನೀರು ಸುಳ್ಳು ಹೇಳೋಲ್ಲ: ಪಾದರಸದ 1 ಮಿ.ಮೀ.ಗೆ ನೀರಿನ 13.6 ಮಿ.ಮೀ. ಅಂದರೆ 100ಕ್ಕೆ 1.36 ಮೀಟರ್, 200ಕ್ಕೆ 2.72. ಗಾರೆಯವರು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಆರೇಳು ಮೀಟರ್ ತಂದು ಮೆಟ್ಟಿಲ ಗೋಡೆಗೆ U ಆಕಾರದಲ್ಲಿ ಕಟ್ಟಿ, ಬಣ್ಣದ ನೀರನ್ನು ಅರ್ಧದವರೆಗೆ ತುಂಬಿ. ಒಂದು ಹನಿ ಪಾತ್ರೆ ಸೋಪು ಹಾಕಿದರೆ ಗುಳ್ಳೆ ಅಂಟೋಲ್ಲ. ಅಕ್ವೇರಿಯಂ ಅಂಗಡಿಯ ಟಿ ಜೋಡಣೆಯಿಂದ ಗಾಳಿ ಒತ್ತುವ ರಬ್ಬರ್ ಬಲ್ಬ್, ಡಬ್ಬಿ, ಪೈಪಿನ ಒಂದು ತುದಿ ಮೂರನ್ನೂ ಸೇರಿಸಿ ನಿಧಾನ ಒತ್ತಿ, ಇಲ್ಲದಿದ್ದರೆ ನೀರು ಚಾವಣಿಗೆ. ಓದಬೇಕಾದ್ದು ಎರಡು ಮಟ್ಟಗಳ ವ್ಯತ್ಯಾಸ; ಒಂದೇ ಕಡೆ ಅಳೆದು ಎರಡರಿಂದ ಗುಣಿಸಿದರೆ ಪೈಪಿನ ಗಾತ್ರದ ಏರುಪೇರು ಲೆಕ್ಕ ಕೆಡಿಸುತ್ತೆ. ಡಬ್ಬಿ ನೆಟ್ಟಗಿದೆಯೇ ಅಂತ ತೂಗುಗುಂಡು ಹಿಡಿದು ನೋಡಿ, ಹಳೇ ಕೀಲುಗಳು ವಾಲಿರುತ್ತವೆ.

ಖರ್ಚು? ಡಬ್ಬಿ ಹಳೇ ಸಾಮಾನಿನವನಲ್ಲಿ ಎರಡು ಸಾವಿರ ಚಿಲ್ಲರೆ, ತೋಳಿಗೆ ಸುತ್ತುವ ಪಟ್ಟಿ (ಕಫ್) ಮುನ್ನೂರರ ಹತ್ತಿರ, ಪೈಪು-ಜೋಡಣೆ ಇನ್ನೂರರೊಳಗೆ. ರಿಪೇರಿಯವರೊಬ್ಬರು ಬರೀ ಕೂಲಿಗೇ ನಾಲ್ಕು ಸಾವಿರ ಕೇಳಿ, ಅಳತೆಗೆ ಗ್ಯಾರಂಟಿ ಇಲ್ಲ ಅಂದಿದ್ದರು.

ಕಂಬ ನಂಬಿಕೆಗೆ ಬಂದ ಮೇಲೆ ಹಳೇ ಕಫ್‌ಗಳ ಆಟವನ್ನೂ ಆಡಬಹುದು. 1896ರಲ್ಲಿ ಟ್ಯೂರಿನ್‌ನ ವೈದ್ಯ ರಿವಾ-ರೋಚಿ ಬಳಸಿದ್ದು 5 ಸೆಂ.ಮೀ. ಆಸುಪಾಸಿನ ಕಿರಿದಾದ ಪಟ್ಟಿ. ಸೈಕಲ್ ಟ್ಯೂಬಿನಿಂದ ಅಂಥದ್ದೇ ಮಾಡಿ, ಮಣಿಕಟ್ಟಿನ ನಾಡಿ ನಿಲ್ಲುವ ಜಾಗ ಹಿಡಿದೆ. ದಪ್ಪ ತೋಳಿನಲ್ಲಿ 12 ಸೆಂ.ಮೀ. ಕಫ್‌ಗಿಂತ ಹದಿನೈದು ಮಿ.ಮೀ.ನಷ್ಟು ಮೇಲೆ ತೋರಿಸಿತು. ಜರ್ಮನ್ ವೈದ್ಯ ಫಾನ್ ರೆಕ್ಲಿಂಗ್‌ಹೌಸನ್ 1901ರಲ್ಲಿ ಪಟ್ಟಿ ಅಗಲಿಸಿದ್ದು ಇದಕ್ಕೇ. ನಾಡಿ ಹಿಡಿದರೆ ಸಿಗೋದು ಮೇಲಿನ ಅಂಕಿ ಮಾತ್ರ. ಕೆಳಗಿನದಕ್ಕೆ ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲಿ ತಿಳಿಸಿದ ನಾಡಿಯ ಸದ್ದು, ಅಂದರೆ ಸ್ಟೆತಾಸ್ಕೋಪ್ ಬೇಕೇ ಬೇಕು. ಸೈಕಲ್ ಟ್ಯೂಬಿನ ಕಫ್ ವಾಲ್ವ್ ಬುಡದಲ್ಲಿ ಇನ್ನೂ ಸೋರುತ್ತೆ. ಪಂಕ್ಚರ್ ಸೊಲ್ಯೂಷನ್ ಎರಡು ಪದರ ಹಚ್ಚಿದ ಮೇಲೆ ನಿಮಿಷಕ್ಕೆ ಐದಾರು ಮಿ.ಮೀ.ಗೆ ಇಳಿದಿದೆ.