ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳುವವರಿಗೆ

ಚಿಕಿತ್ಸೆ ಮುಗಿಯಿತೆಂದು ವೈದ್ಯರು ಹೇಳುವ ದಿನಕ್ಕೂ ಮೈಗೆ ದುಡಿಯುವ ಕಸುವು ಮರಳುವ ದಿನಕ್ಕೂ ನಡುವೆ ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಮೂರನ್ನೂ ಮುಗಿಸಿ ದಾವಣಗೆರೆಯ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಮರಳಿದ ನಾನು ಇದನ್ನು ಲೆಕ್ಕಕ್ಕೆ ಹಿಡಿಯದೆ ಮೊದಲ ವಾರವೇ ಹಾಸಿಗೆ ಹಿಡಿದೆ.

ಹಾಜರಾಗುವುದಕ್ಕೆ ಎರಡು ವಾರ ಮೊದಲೇ ಕೆಲಸದ ದಿನವನ್ನು ಒಮ್ಮೆ ನಡೆಸಿ ನೋಡಿ. ಎಂದಿನ ಹೊತ್ತಿಗೆ ಸ್ನಾನ, ತಿಂಡಿ ಮುಗಿಸಿ, ಸಿಟಿ ಬಸ್ಸಿನಲ್ಲಿ ಕೆಲಸದ ಜಾಗದವರೆಗೆ ಹೋಗಿ ಬಂದು, ಎಷ್ಟು ಗಂಟೆಗೆ ಸುಸ್ತು ಆವರಿಸುತ್ತದೆ ಎಂಬುದನ್ನು ಬರೆದಿಡಿ. ಕೀಮೋ ನಂತರದ ಸುಸ್ತು ಮಲಗಿ ಎದ್ದರೆ ಹೋಗುವಂಥದ್ದಲ್ಲ. ದಿನವೂ ಸ್ವಲ್ಪ ಸ್ವಲ್ಪ ನಡೆಯುತ್ತ ಬಂದರೆ ಕ್ರಮೇಣ ಇಳಿಯುತ್ತದೆ. ಇಳಿಯದಿದ್ದರೆ ಹಿಮೋಗ್ಲೋಬಿನ್ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿ.

ವೈದ್ಯಕೀಯ ರಜೆಯಲ್ಲಿದ್ದ ಸರ್ಕಾರಿ ನೌಕರರು ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೇ ಹಾಜರಾಗಬೇಕು. ‘ಕೆಲಸಕ್ಕೆ ಅರ್ಹರು’ ಎಂಬ ಒಂದೇ ಸಾಲಿಗೆ ತೃಪ್ತರಾಗದೆ, ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ. ಕಾರ್ಖಾನೆ, ಅಂಗಡಿಗಳಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರು ಸಂಬಳ ನಿಂತಿತೆಂದು ಅವಸರಪಡಬೇಕಾಗಿಲ್ಲ. ಕ್ಯಾನ್ಸರ್ ಅಲ್ಲಿನ ದೀರ್ಘಕಾಲೀನ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷದ ಸೇವೆ ಮತ್ತು ನಿಗದಿತ ವಂತಿಗೆ ಇದ್ದರೆ, ಮೊದಲ 91 ದಿನಗಳ ಸಾಮಾನ್ಯ ಅನಾರೋಗ್ಯ ಭತ್ಯೆಯ ನಂತರ ವೇತನದ ಶೇ. 80ರಷ್ಟು ಹಣ ಎರಡು ವರ್ಷದವರೆಗೂ ದೊರೆಯಬಹುದು. ಆದರೆ ಕೆಲಸ ಮಾಡಿದ ದಿನಕ್ಕೆ ಆ ಹಣ ಸಿಗುವುದಿಲ್ಲವಾದ್ದರಿಂದ, ‘ಸುಮ್ಮನೆ ಅರ್ಧ ದಿನ ಹೋಗಿ ಬರುತ್ತೇನೆ’ ಎನ್ನುವ ಮೊದಲು ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಎಲ್ಲಕ್ಕಿಂತ ಕಷ್ಟದ್ದು ರಿಯಾಯಿತಿ ಕೇಳುವುದು. ಕೈಯ ದ್ರವ ಹರಿದುಹೋಗುವ ದಾರಿಯಲ್ಲಿರುವ ನನ್ನ ಬಲಗಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದಿದ್ದರು. ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಾನು ಏನನ್ನೂ ಬಿಡಿಸಿ ಹೇಳಲಿಲ್ಲ. ‘ಪಾಪ, ಆರಾಮಾಗಿ ಕೂತಿರಿ ಮೇಡಂ’ ಎಂದು ಮುಖ್ಯೋಪಾಧ್ಯಾಯರು ಹತ್ತನೇ ತರಗತಿಯನ್ನು ನನ್ನಿಂದ ಬಿಡಿಸಿ, ಕಚೇರಿಯಲ್ಲಿ ಹಾಜರಾತಿ, ದಾಖಲಾತಿ ಪುಸ್ತಕಗಳನ್ನು ಬರೆಯಲು ಕೂರಿಸಿದರು. ಅವರ ಲೆಕ್ಕದಲ್ಲಿ ಅದು ವಿಶ್ರಾಂತಿ. ಸಂಜೆಯ ವೇಳೆಗೆ ಬಳೆ ಮಣಿಕಟ್ಟಿನಲ್ಲಿ ಹೂತುಹೋಗುವಷ್ಟು ಕೈ ಊದಿತ್ತು, ಸೋಪು ಹಚ್ಚಿ ತೆಗೆಯಬೇಕಾಯಿತು. ನನಗೆ ಬೇಕಿದ್ದದ್ದು ಪಾಠ ಬಿಡುವುದಲ್ಲ, ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುವುದು ಮತ್ತು ಮೇಲಿನದನ್ನು ಮಕ್ಕಳಿಂದ ಬರೆಸುವುದು. ಆದ್ದರಿಂದ ಕಾಯಿಲೆಯ ಹೆಸರನ್ನಷ್ಟೇ ಹೇಳಿ ಉಳಿದದ್ದನ್ನು ಮೇಲಧಿಕಾರಿಗಳ ಊಹೆಗೆ ಬಿಡಬೇಡಿ. ಮಾಡಲಾಗದ ಕೆಲಸ ಯಾವುದು, ಅದರ ಬದಲು ಮಾಡಬಲ್ಲದ್ದು ಯಾವುದು, ಎಷ್ಟು ತಿಂಗಳವರೆಗೆ ಎಂಬುದನ್ನು ಬರೆದುಕೊಡಿ. ಕಾಯಿಲೆಯ ಉಳಿದ ವಿವರ ಸಹೋದ್ಯೋಗಿಗಳಿಗೆ ತಿಳಿಯಬೇಕೆಂದೇನೂ ಇಲ್ಲ.

ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರಿಗೆ ಬಾಯಿ ಒಣಗುವುದರಿಂದ ಮಾತಿನ ಕೆಲಸದ ನಡುನಡುವೆ ನೀರು ಕುಡಿಯಲು ಬಿಡುವು ಬೇಕು. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯನ್ನು, ಎಷ್ಟೇ ಒತ್ತಾಯವಾದರೂ, ದೂರವಿಡಿ. ಕೆಲವು ಕೀಮೋ ಔಷಧಿಗಳಿಂದ ಪಾದ ಜೋಮು ಹಿಡಿದಿರುವವರು ಯಂತ್ರಗಳ ಬಳಿ, ಮೆಟ್ಟಿಲುಗಳ ಮೇಲೆ ಜಾಗ್ರತೆಯಿಂದಿರಬೇಕು. ರೇಡಿಯೇಷನ್ ಪಡೆದ ಚರ್ಮಕ್ಕೆ ನಮ್ಮ ಊರಿನ ಏಪ್ರಿಲ್ ಬಿಸಿಲು ತಾಗದಂತೆ ಹತ್ತಿಬಟ್ಟೆ ಹೊದೆಯಬೇಕು.

ಮರುತಪಾಸಣೆಯ ದಿನಾಂಕಗಳನ್ನು ಮೊದಲೇ ಕಚೇರಿಗೆ ತಿಳಿಸಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇಲ್ಲಿಂದ ಸುಮಾರು 260 ಕಿಲೋಮೀಟರ್. ಸರದಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಂದು ಇಡೀ ದಿನ ಹೋಗಿ, ಮರಳುವ ಹೊತ್ತಿಗೆ ರಾತ್ರಿಯಾಗುತ್ತದೆ. ಒಂದು ದಿನಕ್ಕೆ ರಜೆ ಹಾಕಿ ಮರುದಿನ ಮೊದಲ ಪೀರಿಯಡ್ಡಿಗೆ ನಿಲ್ಲುತ್ತಿದ್ದ ನಾನು ಈಗ ಎರಡು ದಿನ ಹಾಕುತ್ತೇನೆ.