ತಲೆಯ ಹದ ಬೆರಳಲ್ಲಿ ಕಂಡಿದ್ದು

ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳಿನ ವ್ಯಾಪಾರದ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳ 20ನೇ ತಾರೀಖು ಹತ್ತಿರ ಬಂತು ಅಂದ್ರೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಎದೆ ಢವಢವ. ಉಳಿದ ದಿನ ಊಟ ಆದಮೇಲೆ ತಲೆಗೆ ಮಂಕು. ನಾಡಿ, ಉಸಿರಿನಂಥ ಮೈಯ ಸೂಚನೆಗಳನ್ನು ಯಂತ್ರದಲ್ಲಿ ನೋಡುತ್ತಾ ಹಿಡಿತಕ್ಕೆ ತರಲು ಕಲಿಯುವುದೇ ಬಯೋಫೀಡ್‌ಬ್ಯಾಕ್. ಅದು ಮನಸ್ಸು ತಣ್ಣಗೆ ಮಾಡಿಕೊಳ್ಳಲು ಮಾತ್ರ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಮಾತು. ಮಂಕಾದ ತಲೆಯನ್ನು ಚುರುಕು ಮಾಡಿಕೊಳ್ಳುವುದು ಉಳಿದರ್ಧ.

ಶುರು ಮಾಡಿದ್ದು ಕೊರೊನಾ ಕಾಲದಲ್ಲಿ ಕೊಂಡು ಕಪಾಟು ಸೇರಿದ್ದ ಆಕ್ಸಿಮೀಟರ್‌ನಿಂದ. ಬೆರಳಿಗೆ ಸಿಕ್ಕಿಸಿ ನಾಡಿಯ ಅಂಕಿ ನೋಡುತ್ತಾ ಕೂತೆ. ಉಸಿರು ಎಳೆದಾಗ 84, 86 ಅಂತ ಏರುತ್ತದೆ, ಬಿಟ್ಟಾಗ 78ಕ್ಕೆ ಇಳಿಯುತ್ತದೆ. ಇದು ರೋಗ ಅಲ್ಲ. ಉಸಿರು ಬಿಡುವಾಗ ಮಿದುಳಿನಿಂದ ಬರುವ ವೇಗಸ್ ಎಂಬ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ, ಎಳೆಯುವಾಗ ಸಡಿಲ ಬಿಡುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿಗೆ ಬಂದರೆ ಹೆಚ್ಚಿನವರಲ್ಲಿ ಈ ಏರಿಳಿತ ಜಾಸ್ತಿ. ನನಗೆ ಕೂಡಿ ಬಂದಿದ್ದು ನಾಲ್ಕು ಎಣಿಸಿ ಎಳೆದು, ಆರು ಎಣಿಸಿ ಬಿಡುವುದು. ಆಕ್ಸಿಮೀಟರ್ ಕೆಲವು ಬಡಿತಗಳ ಸರಾಸರಿ ತೋರಿಸುವುದರಿಂದ ಅಂಕಿ ಸ್ವಲ್ಪ ತಡವಾಗಿ ಬದಲಾಗುತ್ತದೆ. ಅದಕ್ಕೇ ಆಮೇಲೆ ಎದೆಗೆ ಕಟ್ಟುವ ಬೆಲ್ಟ್ ತಗೊಂಡೆ. ಅದರಲ್ಲಿ ಬಡಿತ ಬಡಿತದ ನಡುವಿನ ಅಂತರವೂ ಮೊಬೈಲ್‌ನಲ್ಲಿ ಗೆರೆಯಾಗಿ ಕಾಣುತ್ತದೆ.

ಗಾಬರಿಯಾದಾಗ ರಕ್ತನಾಳ ಬಿಗಿದು ಬೆರಳು ತಣ್ಣಗಾಗುತ್ತದೆ. ಬೆರಳಿನ ಬಿಸಿ ಅಳೆದು ನೋಡುತ್ತಾ, ಗಾಬರಿ ಇಳಿಸಿಕೊಳ್ಳಲು ಕಲಿಯುವ ವಿಧಾನವೂ ಇದೆ. ಆದರೆ ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಅದು ಸುಮ್ನೆ ದಂಡ. ಆಗ ಯಾರ ಬೆರಳು ತಣ್ಣಗಿರುತ್ತೆ ಹೇಳಿ!

ರಿಟರ್ನ್ ಗಡಿಬಿಡಿಗೆ ನಿಧಾನದ ಉಸಿರು ಸರಿ. ಆದರೆ ಮಧ್ಯಾಹ್ನದ ಮಂಕಿಗೆ ಅದನ್ನೇ ಹಿಡಿದರೆ ನಿದ್ದೆಯೇ ಗ್ಯಾರಂಟಿ. 1908ರಲ್ಲೇ ಯರ್ಕ್ಸ್, ಡಾಡ್ಸನ್ ಎಂಬಿಬ್ಬರು ಮನೋವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಕಷ್ಟದ ಪಾಠ ಕಲಿಯಲು ಪ್ರಚೋದನೆ ತೀರಾ ಕಡಿಮೆಯಾದರೂ ಆಗದು, ತೀರಾ ಜಾಸ್ತಿಯಾದರೂ ಆಗದು ಅಂತ ಅದರಲ್ಲಿ ಕಂಡಿತ್ತು. ಹಾಗಾಗಿ ಊಟದ ಮೇಲೆ ಗೋದಾಮಿನ ಮೆಟ್ಟಿಲು ಬಿರುಸಾಗಿ ಹತ್ತಿಳಿಯುತ್ತೇನೆ. ನಾಡಿ 100 ದಾಟಿದ ಮೇಲೆ ಕೂತು, ಅದು ಇಳಿಯುವಾಗಲೇ ಲೆಕ್ಕ ಶುರು. ಅಂಕಿ ಒಂದನ್ನೇ ನಂಬುವ ಹಾಗಿಲ್ಲ. ಊಟ ಆದಾಗ ನಾಡಿ ಸ್ವಲ್ಪ ಏರಿರುತ್ತದೆ, ಕಣ್ಣು ಮಾತ್ರ ಎಳೆಯುತ್ತಿರುತ್ತದೆ. ಅಂಕಿ ಜೊತೆ ಕಣ್ಣು, ಭುಜ, ದವಡೆ ಹೇಗಿವೆ ಅಂತಲೂ ನೋಡಿಕೊಳ್ಳಬೇಕು.

"ಏನ್ರೀ, ಮತ್ತೆ ಕೊರೊನಾ ಬಂತಾ?" ಅಂತ ನಮ್ಮ ಸಾಹುಕಾರರು ಒಮ್ಮೆ ತಮಾಷೆ ಮಾಡಿದರು. ಮೆಕ್ಕೆಜೋಳದ ರೇಟಿಗೆ ಫೋನಿನಲ್ಲಿ ಜಗಳ ಆಡುತ್ತಲೇ ಬೆರಳು ಕೊಟ್ಟರು. ಅಂಕಿ 62! ಕೇಳಿದರೆ, ಬಿಪಿ ಮಾತ್ರೆ ನುಂಗುತ್ತಾರಂತೆ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನೇ ತಗ್ಗಿಸುತ್ತವೆ. "ನಿಮಗೆ ನನ್ನ ಲೆಕ್ಕ ಹೊಂದಲ್ಲ ಸಾಹುಕಾರ್ರೇ, ಡಾಕ್ಟರ್‌ನ ಕೇಳಿ ಶುರು ಮಾಡಿ" ಅಂದೆ.